ಘರ್‌ಪಟ್ಟಿಯ ತಕರಾರು: ಅಪೀಲು ಮಾಡುವುದೋ, ಬಿಡುವುದೋ?

ಉದ್ಯೋಗವನ್ನರಸಿ ಊರು ಬಿಟ್ಟ ಕನ್ನಡಿಗನಿಗೆ ಮಹಾನಗರದಲ್ಲಿ ಸ್ವಂತದ್ದೊಂದು ಸೂರು ದೊರೆಯುವುದು ಸಾಮಾನ್ಯದ ಮಾತಲ್ಲ. ಹೋಟೆಲಿನ ಮಾಳಿಗೆಯಲ್ಲಿ ಚಾಪೆ ಬಿಡಿಸಿ ಮಲಗಿ, ಚಾಳಿನ ಒಂದೇ ಕೋಣೆಯನ್ನು ನಾಲ್ಕು ಮಂದಿ ಹಂಚಿಕೊಂಡು, ಭವಿಷ್ಯನಿಧಿಯಿಂದ ಸಾಲ ತೆಗೆದು, ಮನೆಯಾಕೆಯ ಬಳೆಗಳನ್ನು ಒತ್ತೆಯಿಟ್ಟು ಕಟ್ಟಿಕೊಂಡ ಗೂಡು ಅದು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಹೊರಟ ಪ್ರಯಾಣಿಕರ ರೈಲು ಠಾಣೆಯಲ್ಲಿ ಬಂದು ನಿಂತಿತು. ಶತಮಾನವೊಂದು ಕಳೆದ ಮೇಲೆ ಅದೇ ಹಳಿಯ ಗುಂಟ ನಮ್ಮ ಜನ ನೆಲೆ ಹುಡುಕುತ್ತ ಸಾಗಿದರು. ಮುಂಬಯಿಯಲ್ಲಿ ಕೈಗೆಟುಕದ ಮನೆಯನ್ನು ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಕಂಡುಕೊಂಡರು. ಆಮೇಲೆ ಖಾಡಿಯಾಚೆಯ ವಾಶಿ, ನೆರೂಳಗಳಲ್ಲಿ ಕಂಡುಕೊಂಡರು.

ಸಾಲಕ್ಕೆ ಕೊನೆಯ ಕಂತು ಎಂಬುದೊಂದಿದೆ; ತೆರಿಗೆಗೆ ಅದಿಲ್ಲ. ಮನೆ ಇರುವವರೆಗೂ ಮಹಾನಗರಪಾಲಿಕೆಯ ಮಾಲಮತ್ತಾ ಕರ, ಎಂದರೆ ಜನರ ಬಾಯಲ್ಲಿ ರೂಢಿಯಾಗಿರುವ ಘರ್‌ಪಟ್ಟಿ, ವರ್ಷವರ್ಷವೂ ಬಾಗಿಲು ತಟ್ಟುತ್ತದೆ. ಅದು ಬಂದಾಗ ಮೊತ್ತವನ್ನು ನೋಡಿ ನಿಟ್ಟುಸಿರು ಬಿಡುವವರು ಎಲ್ಲರೂ. ಮೊತ್ತ ಹೇಗೆ ಬಂತೆಂದು ಓದಿ ನೋಡುವವರು ವಿರಳ. ತೆರಿಗೆಯ ನಿರ್ಧಾರಣೆಯಲ್ಲಿ ತಪ್ಪಿದೆ ಎಂದು ಕಂಡಾಗ ಅದನ್ನು ಪ್ರಶ್ನಿಸಬೇಕೆ, ಪ್ರಶ್ನಿಸುವುದಾದರೆ ಎಲ್ಲಿಯವರೆಗೆ ಹೋಗಬೇಕು ಎಂಬುದು ನಿವೃತ್ತಿಯ ಹೊಸ್ತಿಲಲ್ಲಿರುವ ಅನೇಕ ಗೃಹಸ್ಥರ ನಿದ್ದೆ ಕೆಡಿಸುವ ಪ್ರಶ್ನೆ.

ಮೂವರು ಸಲಹೆಗಾರರು

ಡೊಂಬಿವಲಿಯ ಒಂದು ಸೊಸೈಟಿಯಲ್ಲಿ ವಾಸವಾಗಿರುವ, ಕುಂದಾಪುರದ ಕಡೆಯ ಒಬ್ಬ ನಿವೃತ್ತ ನೌಕರರನ್ನು ಕಲ್ಪಿಸಿಕೊಳ್ಳಬಹುದು. ಅವರನ್ನು ರಾಯರೆಂದರೆ ಸಾಕು. ಮನೆ ಚಿಕ್ಕದು, ದಸ್ತಾವೇಜಿನ ಪ್ರಕಾರ ಕಾರ್ಪೆಟ್ ವಿಸ್ತೀರ್ಣ 400 ಚದರ ಅಡಿ. ಪಾಲಿಕೆಯಿಂದ ಬಂದ ವಿಶೇಷ ನೋಟೀಸಿನಲ್ಲಿ ಕರಯೋಗ್ಯ ಮೌಲ್ಯವನ್ನು ಏರಿಸಲಾಗಿದೆ ಎಂದಿದೆ. ವಿಸ್ತೀರ್ಣ 500 ಚದರ ಅಡಿ ಎಂದು ಬರೆದಿದೆ. ರಾಯರ ಪತ್ನಿ ಕನ್ನಡಕ ಏರಿಸಿ ಓದಿ, “ಕೇಳಿತಾ? ನಮ್ಮ ಮನೆ ಯಾವಾಗ ಇಷ್ಟು ದೊಡ್ಡದಾಯ್ತು? ಆ ನೂರು ಅಡಿ ಎಲ್ಲಿ ಅಡಗಿದೆಯೆಂದು ದಿನಾ ಗುಡಿಸುವ ನನಗೇ ಗೊತ್ತಿಲ್ಲ!” ಎಂದರು.

ಸಲಹೆಗಾರರಿಗೆ ಬರವಿರಲಿಲ್ಲ. “ಸುಮ್ಮನೆ ಕಟ್ಟಿಬಿಡಿ ರಾಯರೇ, ಈ ವಯಸ್ಸಿನಲ್ಲಿ ಕಚೇರಿಯ ಮೆಟ್ಟಿಲು ಹತ್ತಿ ರಕ್ತದೊತ್ತಡ ಏರಿಸಿಕೊಳ್ಳುವುದೇಕೆ?” ಎಂದರು ನೆರೆಮನೆಯವರು. “ಬಿಡಬಾರದು, ಕೋರ್ಟಿಗೆ ಎಳೆಯಬೇಕು” ಎಂದರು ಬೆಳಗಿನ ವಾಯುಸಂಚಾರದ ಗೆಳೆಯರು. “ಕಟ್ಟಲೇಬೇಡಿ. ಇಂದಲ್ಲ ನಾಳೆ ಅಭಯ ಯೋಜನೆ ಬರುತ್ತದೆ, ದಂಡ ಮಾಫಿಯಾಗುತ್ತದೆ” ಎಂದರು ಲೋಕಲ್ ಗಾಡಿಯ ಪರಿಚಯದವರು. ಮೂವರೂ ಹಿತೈಷಿಗಳೇ. ಆದರೆ ಮೂವರಲ್ಲಿ ಒಬ್ಬರೂ ನೋಟೀಸನ್ನು ಪೂರ್ತಿಯಾಗಿ ಓದಿರಲಿಲ್ಲ.

ರೋಗವನ್ನರಿಯದೆ ಔಷಧ ಕೊಡಬಾರದೆಂಬುದು ವೈದ್ಯಶಾಸ್ತ್ರದ ಮೊದಲ ಪಾಠ. ತೆರಿಗೆಯ ವಿಷಯದಲ್ಲಿಯೂ ಮೊದಲಿನ ಕೆಲಸ ನಿದಾನ, ಚಿಕಿತ್ಸೆ ಆಮೇಲೆ.

ಬಿಲ್ಲಿನ ಒಳಗೇನಿದೆ?

ಠಾಣೆಯ ನಗರಸಭೆ 1863ರಷ್ಟು ಹಳೆಯದು. ಅದು ಮಹಾನಗರಪಾಲಿಕೆಯಾದದ್ದು 1982ರ ಅಕ್ಟೋಬರ್ 1ರಂದು. ಮರುವರ್ಷ ಅದೇ ದಿನಾಂಕದಂದು ಕಲ್ಯಾಣದ ಪಾಲಿಕೆ ಹುಟ್ಟಿತು. ಡೊಂಬಿವಲಿ ಅದರೊಳಗೆ ಸೇರಿತು. 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಕಟ್ಟಿ ಬೆಳೆಸಿದ ನವಿಮುಂಬಯಿಗೆ ಸ್ವಂತ ಪಾಲಿಕೆಯ ಆಡಳಿತ ಬಂದದ್ದು 1992ರ ಜನವರಿ 1ರಿಂದ. ಈ ಮೂರೂ ಪಾಲಿಕೆಗಳಿಗೆ ಆಧಾರವಾದ ಕಾನೂನು ಒಂದೇ. 1949ರಲ್ಲಿ ಮುಂಬಯಿ ಪ್ರಾಂತ್ಯದ ಮಹಾನಗರಪಾಲಿಕೆಗಳ ಅಧಿನಿಯಮವೆಂದು ಜಾರಿಯಾದ ಅದಕ್ಕೆ ಈಗ ಮಹಾರಾಷ್ಟ್ರ ಮಹಾನಗರಪಾಲಿಕೆಗಳ ಅಧಿನಿಯಮವೆಂದು ಹೆಸರು. ಮುಂಬಯಿ ನಗರಕ್ಕೆ ಮಾತ್ರ 1888ರ ಬೇರೆಯೇ ಕಾಯಿದೆ. ಆದಕಾರಣ, ಮುಂಬಯಿಯಲ್ಲಿ 500 ಚದರ ಅಡಿಯವರೆಗಿನ ಮನೆಗಳಿಗೆ 2022ರಲ್ಲಿ ದೊರೆತ ತೆರಿಗೆ ವಿನಾಯಿತಿಯನ್ನು ಪತ್ರಿಕೆಯಲ್ಲಿ ಓದಿ, ಅದು ಮುಲುಂಡದ ಈಚೆಗೂ ತಾನಾಗಿಯೇ ಅನ್ವಯಿಸುತ್ತದೆಂದು ಭಾವಿಸಬಾರದು.

ಬಿಲ್ಲಿನಲ್ಲಿ ಎರಡು ಸಂಗತಿಗಳಿರುತ್ತವೆ. ಒಂದು ಕರಯೋಗ್ಯ ಮೌಲ್ಯ, ಮತ್ತೊಂದು ತೆರಿಗೆಯ ದರ. ಇವೆರಡನ್ನು ಬೇರ್ಪಡಿಸಿ ನೋಡದವನಿಗೆ ಅಪೀಲಿನ ಪ್ರಶ್ನೆ ಎಂದಿಗೂ ಬಗೆಹರಿಯದು. ದರವನ್ನು ಪಾಲಿಕೆಯು ಪ್ರತಿವರ್ಷ ಫೆಬ್ರವರಿ 20ರ ಒಳಗೆ ಇಡೀ ಊರಿಗೆ ನಿಶ್ಚಯಿಸುತ್ತದೆ. ಸಾಮಾನ್ಯ ಕರ, ನೀರಿನ ಕರ, ಮಲಪ್ರವಾಹ ಕರ ಮುಂತಾದ ಬಾಬುಗಳ ಜೊತೆಗೆ, ರಾಜ್ಯ ಸರಕಾರದ ಪರವಾಗಿ ವಸೂಲು ಮಾಡುವ ಶಿಕ್ಷಣ ಕರವೂ ಬಿಲ್ಲಿನಲ್ಲಿ ಕೂಡಿಕೊಳ್ಳುತ್ತದೆ. ದರ ಹೆಚ್ಚಾಯಿತೆಂಬುದು ಮತದಾರನ ಅಸಮಾಧಾನ. ಅದನ್ನು ಒಬ್ಬ ಗೃಹಸ್ಥನು ತನ್ನ ಮನೆಯ ಅಪೀಲಿನಿಂದ ಇಳಿಸಲಾರನು.

ಮೌಲ್ಯವಾದರೋ ಆಯಾ ಮನೆಯದು. ಆ ಕಟ್ಟಡವನ್ನು ವರ್ಷದಿಂದ ವರ್ಷಕ್ಕೆ ಬಾಡಿಗೆಗೆ ಕೊಟ್ಟರೆ ನ್ಯಾಯವಾಗಿ ನಿರೀಕ್ಷಿಸಬಹುದಾದ ವಾರ್ಷಿಕ ಬಾಡಿಗೆ ಎಷ್ಟೋ, ಅದರಲ್ಲಿ ದುರಸ್ತಿ ಮುಂತಾದ ಸಕಲ ವೆಚ್ಚಗಳ ಬಾಬತ್ತು ನೂರಕ್ಕೆ ಹತ್ತನ್ನು ಕಳೆದರೆ ಉಳಿಯುವುದೇ ಕರಯೋಗ್ಯ ಮೌಲ್ಯ. ಮನೆಯಲ್ಲಿ ಬಾಡಿಗೆದಾರನಿಲ್ಲದಿದ್ದರೂ ಇದ್ದಾನೆಂದು ಊಹಿಸುವ ಈ ಪದ್ಧತಿ ಇಂಗ್ಲೆಂಡಿನ 1836ರ ಕಾಯಿದೆಯಷ್ಟು ಪುರಾತನವಾದದ್ದು. ಈಚಿನ ತಿದ್ದುಪಡಿಗಳು ಇದಕ್ಕೆ ಬದಲಾಗಿ ಬಂಡವಾಳ ಮೌಲ್ಯದ ಮೇಲೆ ತೆರಿಗೆ ಹಾಕುವ ಆಯ್ಕೆಯನ್ನೂ ಪಾಲಿಕೆಗಳಿಗೆ ಕೊಟ್ಟಿವೆ. ಬಿಲ್ಲಿನಲ್ಲಿ ಯಾವ ಪದವಿದೆಯೆಂದು ನೋಡಿಕೊಳ್ಳುವುದು ಉಚಿತ.

ಊರಿನ ಬಂಧುಗಳ ಅನುಭವ ಇಲ್ಲಿ ದಾರಿ ತಪ್ಪಿಸಬಹುದು. ಬೆಂಗಳೂರಿನಲ್ಲಿ 2000ದಲ್ಲಿ ಸ್ವಯಂ ತೆರಿಗೆ ನಿರ್ಧಾರಣ ಪದ್ಧತಿ ಬಂದಾಗಿನಿಂದ ಮನೆಯ ಯಜಮಾನನೇ ವಿಸ್ತೀರ್ಣವನ್ನು ಘೋಷಿಸಿ ಲೆಕ್ಕ ಹಾಕಿ ಕಟ್ಟುವ ರೂಢಿ ಬೆಳೆದಿದೆ. ಇಲ್ಲಿ ಹಾಗಲ್ಲ. ಇಲ್ಲಿ ಪಾಲಿಕೆ ಹೇಳುತ್ತದೆ; ಒಪ್ಪದವನು ಗಡುವಿನೊಳಗೆ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೇಳಿದ್ದೇ ಸ್ಥಿರವಾಗುತ್ತದೆ.

ತಪ್ಪು ಯಾವ ಜಾತಿಯದು?

ತೆರಿಗೆ ನಿರ್ಧಾರಣೆಯ ತಪ್ಪುಗಳು ಸ್ಥೂಲವಾಗಿ ಮೂರು ಬಗೆ.

ಮೊದಲನೆಯದು ಬರಹದ ತಪ್ಪು. ಹೆಸರು, ಮಹಡಿ, ವಿಸ್ತೀರ್ಣ, ಲೆಕ್ಕದ ಕೂಡಿಸುವಿಕೆ ಇತ್ಯಾದಿ. ಚದರ ಮೀಟರು ಮತ್ತು ಚದರ ಅಡಿಗಳ ನಡುವಿನ ಗೊಂದಲ ಸಾಧಾರಣ. ಒಂದು ಚದರ ಮೀಟರಿಗೆ 10.764 ಚದರ ಅಡಿ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಕಾರ್ಪೆಟ್ ವಿಸ್ತೀರ್ಣಕ್ಕೂ ಗೋಡೆಗಳನ್ನು ಸೇರಿಸಿದ ಬಿಲ್ಟ್‌ಅಪ್ ವಿಸ್ತೀರ್ಣಕ್ಕೂ ಇರುವ ಅಂತರ ಇನ್ನೊಂದು. ತಕರಾರಿಗೆ ಮೊದಲು ಪಾಲಿಕೆ ಯಾವ ವಿಸ್ತೀರ್ಣವನ್ನು ಹಿಡಿದಿದೆ ಎಂದು ತಿಳಿಯದಿದ್ದರೆ ಸರಿಯಾದುದನ್ನೇ ತಪ್ಪೆಂದು ವಾದಿಸಿ ಮುಖಭಂಗವಾದೀತು.

ಎರಡನೆಯದು ವರ್ಗೀಕರಣದ ತಪ್ಪು. ಸ್ವಂತ ವಾಸದ ಮನೆಯನ್ನು ಬಾಡಿಗೆಗೆ ಕೊಟ್ಟದ್ದೆಂದೋ, ವಾಸದ ಮನೆಯನ್ನು ವಾಣಿಜ್ಯದ್ದೆಂದೋ ಬರೆಯುವುದು. ಮಕ್ಕಳ ಮನೆಗೆ ಹೋಗಿ ಬರುವ ವೃದ್ಧ ದಂಪತಿಗಳ ಮನೆಯಲ್ಲಿ ಮೋಜಣಿಯ ದಿನ ಯಾರೋ ಸಂಬಂಧಿಕರು ಬಾಗಿಲು ತೆರೆದು ನಿಂತರೆ, ಮನೆ ಬಾಡಿಗೆಗಿದೆಯೆಂದು ದಾಖಲಾಗುವ ಸಂಭವ ಇಲ್ಲದಿಲ್ಲ. ಮೊತ್ತದ ದೃಷ್ಟಿಯಿಂದ ಎಲ್ಲಕ್ಕಿಂತ ದುಬಾರಿಯಾದ ತಪ್ಪು ಇದೇ.

ಮೂರನೆಯದು ಅಭಿಪ್ರಾಯಭೇದ. ಚದರ ಅಡಿಗೆ ಮೂರು ರೂಪಾಯಿ ಬಾಡಿಗೆ ಬಂದೀತೆಂದು ಪಾಲಿಕೆ, ಎರಡೂಮುಕ್ಕಾಲು ಎಂದು ಮನೆಯವರು. ಇದು ತಪ್ಪೆನ್ನುವುದಕ್ಕಿಂತ ಚರ್ಚೆ ಎನ್ನುವುದೇ ಸರಿ. ಇದನ್ನು ಸಾಧಿಸಲು ಹೋಲಿಕೆಯ ದಾಖಲೆಗಳು ಬೇಕು. ಪಕ್ಕದ ಕಟ್ಟಡದ ಬಿಲ್ಲನ್ನು ತೋರಿಸಿದರೆ ಸಾಲದು. ಕಟ್ಟಡದ ವಯಸ್ಸು, ತೆರಿಗೆ ನಿಗದಿಯಾದ ವರ್ಷ, ಉಪಯೋಗ ಇವೆಲ್ಲ ಹೊಂದಬೇಕು.

ಬಾಡಿಗೆ ನಿಯಂತ್ರಣವಿರುವ ಊರಿನಲ್ಲಿ ಊಹಿಸಿದ ಬಾಡಿಗೆ ಕಾನೂನುಬದ್ಧವಾದ ಪ್ರಮಾಣಿತ ಬಾಡಿಗೆಯನ್ನು ಮೀರಕೂಡದೆಂದು ಸುಪ್ರೀಂ ಕೋರ್ಟು ದೆಹಲಿಯ ದಿವಾನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ 1979ರ ಡಿಸೆಂಬರಿನಲ್ಲಿ ಹೇಳಿತು. ಹಳಬರು ಈಗಲೂ ಅದನ್ನು ನೆನೆಯುತ್ತಾರೆ. ಆದರೆ ಅಂದಿನ 1947ರ ಮುಂಬಯಿ ಬಾಡಿಗೆ ಕಾಯಿದೆಯ ಸ್ಥಾನದಲ್ಲಿ 2000ದ ಮಾರ್ಚ್ 31ರಿಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮ ಬಂದಿದೆ. ಆದ್ದರಿಂದ ಹಳೆಯ ತೀರ್ಪನ್ನು ಇಂದಿನ ಮನೆಗೆ ಹಾಗೆಯೇ ಅಂಟಿಸುವ ಮುನ್ನ ಬಲ್ಲ ವಕೀಲರನ್ನು ಕೇಳಬೇಕು.

ತಕರಾರು ಬೇರೆ, ಅಪೀಲು ಬೇರೆ

ಜನಸಾಮಾನ್ಯರು ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನ ಅನಾಹುತಗಳಾಗುತ್ತವೆ. ತಕರಾರು ಅರ್ಜಿ ಕೊಡುವುದು ಆಯುಕ್ತರಿಗೆ. ಅಪೀಲು ಹೋಗುವುದು ನ್ಯಾಯಾಧೀಶರ ಮುಂದೆ.

ಮೌಲ್ಯವನ್ನು ಏರಿಸಿದಾಗ, ಅಥವಾ ಮನೆಯನ್ನು ಮೊದಲ ಬಾರಿಗೆ ಪುಸ್ತಕಕ್ಕೇರಿಸಿದಾಗ, ಪಾಲಿಕೆಯು ಲಿಖಿತವಾದ ವಿಶೇಷ ನೋಟೀಸು ಕೊಡಬೇಕು. ತಕರಾರು ಸಲ್ಲಿಸಲು ಎಷ್ಟು ದಿನಗಳ ಅವಕಾಶವಿದೆಯೆಂದು ನೋಟೀಸಿನಲ್ಲಿಯೇ ಇರುತ್ತದೆ. ಅದು ಕೈಗೆ ಬಂದ ತಾರೀಖನ್ನು ಅದರ ಮೇಲೆಯೇ ಬರೆದು, ಕೊನೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡುವುದು ಮೊದಲ ಕರ್ತವ್ಯ. ತಕರಾರಿಗೆ ವಕೀಲರು ಬೇಕಿಲ್ಲ. ಕಾರಣಗಳನ್ನು ಸಂಕ್ಷೇಪವಾಗಿ, ಆದರೆ ಒಂದನ್ನೂ ಬಿಡದೆ, ಬರೆದು ಕೊಟ್ಟು, ನಕಲಿನ ಮೇಲೆ ಆವಕ ವಿಭಾಗದ ಮುದ್ರೆ ಹಾಕಿಸಿಕೊಳ್ಳಬೇಕು. ತನ್ನ ಮನೆಗೆ ಸಂಬಂಧಿಸಿದ ನಮೂದನ್ನು ತೆರಿಗೆ ಪುಸ್ತಕದಲ್ಲಿ ನೋಡಿ ಬರೆದುಕೊಳ್ಳುವ ಹಕ್ಕು ಮಾಲೀಕನಿಗೂ ವಾಸಿಸುವವನಿಗೂ ಇದೆ. ಮಾಹಿತಿ ಹಕ್ಕಿನ ಕಾಯಿದೆಯ ಮೂಲಕವೂ ನಕಲು ಕೇಳಬಹುದು. ಆದರೆ ಅದರ ಉತ್ತರಕ್ಕೆ ಮೂವತ್ತು ದಿನಗಳ ಅವಕಾಶವಿರುವುದರಿಂದ, ಉತ್ತರಕ್ಕಾಗಿ ಕಾಯುತ್ತ ತಕರಾರಿನ ಗಡುವನ್ನು ಕಳೆದುಕೊಳ್ಳಬಾರದು. ವಿಚಾರಣೆಯ ದಿನವನ್ನು ಪಾಲಿಕೆ ತಿಳಿಸುತ್ತದೆ. ಆ ದಿನ ದಸ್ತಾವೇಜು, ಮಂಜೂರಾದ ನಕ್ಷೆ, ಹಿಂದಿನ ಬಿಲ್ಲುಗಳು, ಸ್ವಂತ ವಾಸಕ್ಕೆ ಪುರಾವೆಯಾಗಿ ವಿದ್ಯುತ್ ಬಿಲ್ಲು ಮತ್ತು ಸೊಸೈಟಿಯ ಪತ್ರ ಇಷ್ಟಿದ್ದರೆ ಬರಹದ ಮತ್ತು ವರ್ಗೀಕರಣದ ತಪ್ಪುಗಳನ್ನು ತೋರಿಸಿಕೊಡುವುದು ಕಷ್ಟವಲ್ಲ.

ತಕರಾರಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮುಂದಿನದು ಅಪೀಲು. ಇದರ ಕಟ್ಟುಪಾಡುಗಳು ಅಧಿನಿಯಮದ 406ನೆಯ ಕಲಮಿನಲ್ಲಿವೆ. ತೀರ್ಮಾನವಾದ ಹದಿನೈದು ದಿನಗಳೊಳಗೆ ಅಪೀಲು ಸಲ್ಲಬೇಕು. ಮೊದಲು ತಕರಾರು ಕೊಟ್ಟಿರಬೇಕು. ಕೊಡದವನಿಗೆ ಮೌಲ್ಯದ ವಿರುದ್ಧ ಅಪೀಲಿನ ಬಾಗಿಲೇ ಇಲ್ಲ. ಎಲ್ಲಕ್ಕೂ ಮಿಗಿಲಾಗಿ, ವಿವಾದದಲ್ಲಿರುವ ಮೌಲ್ಯದ ಮೇಲೆ ಅಪೀಲಿನ ದಿನದವರೆಗೆ ಆಗುವ ತೆರಿಗೆಯನ್ನು ಪಾಲಿಕೆಯಲ್ಲಿ ಠೇವಣಿಯಾಗಿ ಕಟ್ಟಿರಬೇಕು.

ಅನ್ಯಾಯವೆಂದು ದೂರುವವನೇ ಮೊದಲು ಹಣ ಕಟ್ಟಬೇಕೆಂಬುದು ನ್ಯಾಯವೆ ಎಂದು ಕೇಳಬಹುದು. ಈ ಪ್ರಶ್ನೆಯನ್ನು ಅಹಮದಾಬಾದಿನ ಗಿರಣಿಗಳು ಸುಪ್ರೀಂ ಕೋರ್ಟಿನವರೆಗೂ ಒಯ್ದಿದ್ದವು. ಗುಜರಾತಿನಲ್ಲಿಯೂ ಇದೇ 1949ರ ಕಾಯಿದೆ ಜಾರಿಯಲ್ಲಿತ್ತು. 1975ರಲ್ಲಿ ಅನಂತ್ ಮಿಲ್ಸ್ ಪ್ರಕರಣದಲ್ಲಿ ನ್ಯಾಯಾಲಯವು ಅಪೀಲಿನ ಹಕ್ಕು ಶಾಸನವೇ ಕೊಟ್ಟ ಹಕ್ಕು, ಕೊಡುವ ಶಾಸನ ಅದಕ್ಕೆ ಷರತ್ತನ್ನೂ ವಿಧಿಸಬಹುದು ಎಂದು ನಿರ್ಣಯಿಸಿತು. ದೆಹಲಿಯ ಕಾನೂನಿನಲ್ಲಿದ್ದ ಇಂಥದೇ ಷರತ್ತನ್ನು 1992ರ ಶ್ಯಾಮ್ ಕಿಶೋರ್ ಪ್ರಕರಣದಲ್ಲಿಯೂ ಎತ್ತಿಹಿಡಿಯಲಾಯಿತು. ಆದ್ದರಿಂದ ಠೇವಣಿಯನ್ನು ಶಪಿಸುತ್ತ ಕೂರುವುದರಿಂದ ಫಲವಿಲ್ಲ. ಅದನ್ನು ಲೆಕ್ಕದ ಒಂದು ಬಾಬೆಂದು ತಿಳಿದು ಮುಂದುವರಿಯಬೇಕು.

ಕಾಗದ ಪೆನ್ಸಿಲಿನ ಕೆಲಸ

ರಾಯರ ಮನೆಯ ಲೆಕ್ಕವನ್ನೇ ಮಾಡಿ ನೋಡಬಹುದು. ಇಲ್ಲಿಯ ಅಂಕಿಗಳು ಕೇವಲ ವಿವರಣೆಗಾಗಿ ಹಿಡಿದವು; ಯಾವ ಪಾಲಿಕೆಯ ನಿಜವಾದ ದರವೂ ಅಲ್ಲ. ಚದರ ಅಡಿಗೆ ತಿಂಗಳಿಗೆ 3 ರೂಪಾಯಿ ಬಾಡಿಗೆ, ಎಲ್ಲ ಬಾಬುಗಳೂ ಸೇರಿ ಮೌಲ್ಯದ ಶೇಕಡಾ 50 ತೆರಿಗೆ ಎಂದಿರಲಿ.

ಪಾಲಿಕೆ ಬರೆದ 500 ಚದರ ಅಡಿಗೆ ತಿಂಗಳ ಬಾಡಿಗೆ 1,500 ರೂ., ವರ್ಷಕ್ಕೆ 18,000. ಶೇಕಡಾ 10 ಕಳೆದರೆ ಮೌಲ್ಯ 16,200. ತೆರಿಗೆ 8,100 ರೂ. ನಿಜವಾದ 400 ಚದರ ಅಡಿಗೆ ವಾರ್ಷಿಕ ಬಾಡಿಗೆ 14,400, ಮೌಲ್ಯ 12,960, ತೆರಿಗೆ 6,480 ರೂ. ಅಂತರ ವರ್ಷಕ್ಕೆ 1,620 ರೂ.

ಇಷ್ಟೇ ತಾನೆ ಎಂದು ಬಿಡುವಂತಿಲ್ಲ. ಹೊಸ ತೆರಿಗೆ ಪುಸ್ತಕವನ್ನು ನಾಲ್ಕು ವರ್ಷಗಳಿಗೊಮ್ಮೆಯಾದರೂ ಸಿದ್ಧಪಡಿಸಬೇಕೆಂದು ನಿಯಮ. ನಡುವೆ ಹಳೆಯದನ್ನೇ ಮುಂದುವರಿಸಬಹುದು. ಎಂದರೆ ಇಂದಿನ ತಪ್ಪು ಮರುವರ್ಷ ತಾನಾಗಿಯೇ ಅಳಿಯುವುದಿಲ್ಲ. ನಾಲ್ಕು ವರ್ಷಕ್ಕೆ 6,480 ರೂ., ಒಂದು ಪೂರ್ತಿ ವರ್ಷದ ತೆರಿಗೆಯೇ ವ್ಯರ್ಥ. ತಕರಾರಿನ ಖರ್ಚಾದರೋ ಕಾಗದ, ನಕಲು, ಎರಡು ಮೂರು ದಿನಗಳ ಓಡಾಟ. ಆದ್ದರಿಂದ ತಕರಾರು ಕೊಡಲೇಬೇಕು. “ಸುಮ್ಮನೆ ಕಟ್ಟಿಬಿಡಿ” ಎಂದ ಮೊದಲ ಸಲಹೆಗಾರರಿಗೆ ಇದೇ ಉತ್ತರ.

ತಕರಾರಿನಲ್ಲಿ ವಿಸ್ತೀರ್ಣ ಸರಿಹೋಯಿತೆಂದು ಭಾವಿಸಬಹುದು. ಆದರೆ ಚದರ ಅಡಿಗೆ 3 ರೂಪಾಯಿ ಹೆಚ್ಚು, 2.75 ಇರಬೇಕಿತ್ತು ಎಂಬ ರಾಯರ ವಾದವನ್ನು ಒಪ್ಪಲಿಲ್ಲ. ಒಪ್ಪಿದ್ದರೆ ತೆರಿಗೆ 5,940 ರೂ. ಆಗುತ್ತಿತ್ತು, ಅಂತರ ವರ್ಷಕ್ಕೆ 540, ನಾಲ್ಕು ವರ್ಷಕ್ಕೆ 2,160 ರೂ. ಈ ಮೊತ್ತಕ್ಕಾಗಿ ವಕೀಲರ ಶುಲ್ಕ, ಕೋರ್ಟಿನ ವೆಚ್ಚ, ವಾಯಿದೆಯ ಮೇಲೆ ವಾಯಿದೆ, ಸೋತರೆ ಜಿಲ್ಲಾ ನ್ಯಾಯಾಲಯ! ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಇಂಥಲ್ಲಿಯೇ ಹುಟ್ಟಿರಬೇಕು.

ಹಾಗೆಂದು ಅಪೀಲು ಎಂದೂ ನಿರರ್ಥಕವೆಂದಲ್ಲ. ಅದೇ ಮನೆಯನ್ನು ಬಾಡಿಗೆಗೆ ಕೊಟ್ಟದ್ದೆಂದು ಬರೆದು ಮೌಲ್ಯವನ್ನು ಮೂರು ಪಟ್ಟು ಮಾಡಿದ್ದರೆ ತೆರಿಗೆ 19,440 ರೂ. ಆಗುತ್ತದೆ, ಅಂತರ ವರ್ಷಕ್ಕೆ 12,960, ನಾಲ್ಕು ವರ್ಷಕ್ಕೆ 51,840 ರೂ. ಸ್ವಂತ ವಾಸಕ್ಕೆ ದಾಖಲೆಗಳಿದ್ದೂ ತಕರಾರು ತಿರಸ್ಕೃತವಾದರೆ ಆಗ ಹಿಂಜರಿಯುವುದೇ ನಷ್ಟ. ಪಿಂಚಣಿಯ ಮೇಲೆ ಬದುಕುವ ಮನೆಗೆ ಅದು ಔಷಧಿಯ ಹಣ.

ಒಂದು ಸರಳ ಸೂತ್ರವನ್ನು ನೆನಪಿಡಬಹುದು. ನಾಲ್ಕು ವರ್ಷಗಳಲ್ಲಿ ಉಳಿಯಬಹುದಾದ ಹಣವನ್ನು ಒಂದು ಕಡೆ, ವಕೀಲರ ಶುಲ್ಕ ಮತ್ತು ಇತರ ವೆಚ್ಚವನ್ನು ಇನ್ನೊಂದು ಕಡೆ ಬರೆಯಬೇಕು. ಅದರ ಕೆಳಗೆ, ಗೆಲ್ಲಲು ಕೈಯಲ್ಲಿರುವ ಕಾಗದಗಳನ್ನು ಬರೆಯಬೇಕು. ಮೊದಲನೆಯದು ಎರಡನೆಯದಕ್ಕಿಂತ ಬಹಳ ದೊಡ್ಡದಾಗಿ, ಕೆಳಗಿನ ಪಟ್ಟಿ ಖಾಲಿಯಾಗಿಲ್ಲದಿದ್ದರೆ ಅಪೀಲಿಗೆ ಅರ್ಥವಿದೆ. ಕೋಪಕ್ಕೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ.

ಕಟ್ಟದೆ ಕೂರುವವರ ಲೆಕ್ಕ

ಮೂರನೆಯ ಸಲಹೆಯೇ ಅತ್ಯಂತ ಆಕರ್ಷಕ, ಅತ್ಯಂತ ಅಪಾಯಕರ. ಮಾಲಮತ್ತಾ ಕರವು ಏಪ್ರಿಲ್ 1 ಮತ್ತು ಅಕ್ಟೋಬರ್ 1ರಂದು ಎರಡು ಅರ್ಧವಾರ್ಷಿಕ ಕಂತುಗಳಲ್ಲಿ ಮುಂಗಡವಾಗಿ ಸಲ್ಲಬೇಕಾದದ್ದು. ಗಡುವು ಮೀರಿದ ಬಾಕಿಯ ಮೇಲೆ ತಿಂಗಳಿಗೆ ಶೇಕಡಾ 2ರಂತೆ ಶಾಸ್ತಿ ಬೀಳುತ್ತದೆ, ವರ್ಷಕ್ಕೆ 24. ಗೃಹಸಾಲಕ್ಕೆ ಅಷ್ಟು ಬಡ್ಡಿ ಕೇಳುವ ಬ್ಯಾಂಕು ಎಲ್ಲಿಯೂ ಇಲ್ಲ.

ರಾಯರು ಸಿಟ್ಟಿನಿಂದ 8,100 ರೂಪಾಯಿಗಳ ಬಿಲ್ಲನ್ನು ಕಟ್ಟದೆ ಇಟ್ಟರೆ ತಿಂಗಳಿಗೆ 162 ರೂ. ಶಾಸ್ತಿ. ಪೂರ್ತಿ ಬಾಕಿ ಹನ್ನೆರಡು ತಿಂಗಳು ಉಳಿದರೆ 1,944 ರೂ. ವಿವಾದವಿದ್ದದ್ದು 1,620 ರೂಪಾಯಿಗೆ! ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಅಭಯ ಯೋಜನೆಗಳು ಆಗಾಗ ಘೋಷಣೆಯಾಗುವುದು ನಿಜ. ಆದರೆ ಅವು ಪಾಲಿಕೆಯ ಮರ್ಜಿ. ಯಾರ ಹಕ್ಕೂ ಅಲ್ಲ. ಅವು ಕಡಿಮೆ ಮಾಡುವುದು ಶಾಸ್ತಿಯನ್ನು. ತಪ್ಪಾಗಿ ಏರಿದ ಮೌಲ್ಯವನ್ನಲ್ಲ. ಹಕ್ಕು ಕಾಯ್ದಿರಿಸಿದ್ದೇನೆಂದು ಪತ್ರ ಬರೆದು, ಹಣ ಕಟ್ಟಿ, ತಕರಾರನ್ನು ಮುಂದುವರಿಸುವುದೇ ಜಾಣತನ. ಗೆದ್ದರೆ ಹೆಚ್ಚುವರಿ ಕಟ್ಟಿದ್ದನ್ನು ಮರಳಿ ಕೇಳಲು ಅಥವಾ ಮುಂದಿನ ಬಿಲ್ಲಿಗೆ ಜಮೆ ಮಾಡಿಸಲು ರಸೀದಿ ಕೈಯಲ್ಲಿರುತ್ತದೆ.

ಒಬ್ಬರದೋ, ಎಲ್ಲರದೋ?

ಒಂದೇ ತಪ್ಪು ಇಡೀ ಕಟ್ಟಡಕ್ಕೆ ತಟ್ಟಿದ್ದರೆ ಲೆಕ್ಕವೇ ಬದಲಾಗುತ್ತದೆ. ರಾಯರೊಬ್ಬರಿಗೆ 540 ರೂ. ಅಂತರವು ನಲವತ್ತು ಮನೆಗಳ ಸೊಸೈಟಿಗೆ ವರ್ಷಕ್ಕೆ 21,600, ನಾಲ್ಕು ವರ್ಷಕ್ಕೆ 86,400 ರೂ. ಆಗ ವಕೀಲರ ಶುಲ್ಕವನ್ನು ಹಂಚಿಕೊಂಡರೆ ಒಬ್ಬೊಬ್ಬರಿಗೆ ಬೀಳುವ ಹೊರೆ ಅಲ್ಪ. ಬಿಲ್ಲು ಸೊಸೈಟಿಯ ಹೆಸರಿನಲ್ಲಿದ್ದರಂತೂ ತಕರಾರು ಸೊಸೈಟಿಯಿಂದಲೇ ಹೋಗಬೇಕು. ಕಾರ್ಯಕಾರಿ ಸಮಿತಿಯ ಠರಾವು ಗಡುವಿಗೆ ಮೊದಲೇ ಆಗಬೇಕು. ವಾರ್ಷಿಕ ಮಹಾಸಭೆ ಬರಲಿ ಎಂದು ಕಾಯುವಷ್ಟರಲ್ಲಿ ದಿನಗಳು ಕಳೆದುಹೋಗಿರುತ್ತವೆ.

ಕೆಲವು ವಿವಾದಗಳು ಕಟ್ಟಡವನ್ನೂ ಮೀರಿ ಊರಿನವೇ ಆಗುತ್ತವೆ. 2002ರಲ್ಲಿ ಹೊರಬಿದ್ದ 27 ಹಳ್ಳಿಗಳು 2015ರ ಜೂನ್ 1ರಂದು ಕಲ್ಯಾಣ್-ಡೊಂಬಿವಲಿ ಪಾಲಿಕೆಗೆ ಮತ್ತೆ ಸೇರಿದಾಗ ಪಂಚಾಯತಿಯ ಕಾಲದ ತೆರಿಗೆಗೂ ಪಾಲಿಕೆಯ ತೆರಿಗೆಗೂ ಇರುವ ಅಂತರ ಚಳವಳಿಯ ವಿಷಯವಾಯಿತು. 2016ರ ಅಕ್ಟೋಬರ್ 1ರಂದು ಪನವೇಲ್ ಮಹಾನಗರಪಾಲಿಕೆ ರಚನೆಯಾಗಿ, ವರ್ಷಗಳ ಮೇಲೆ ಅದೇ ದಿನದಿಂದ ಲೆಕ್ಕ ಹಿಡಿದ ಬಿಲ್ಲುಗಳು ಖಾರ್‌ಘರ್, ಕಾಮೋಠೆಗಳ ಮನೆಗಳಿಗೆ ಬಂದಾಗ, ಸಿಡ್ಕೋಗೆ ಸೇವಾ ಶುಲ್ಕ ಕೊಟ್ಟ ಕಾಲಕ್ಕೆ ಮತ್ತೆ ತೆರಿಗೆಯೆ ಎಂಬ ಪ್ರಶ್ನೆ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ಮುಂಬಯಿಯಲ್ಲಿ ಬಂಡವಾಳ ಮೌಲ್ಯದ ಕೆಲವು ನಿಯಮಗಳನ್ನು ಹೈಕೋರ್ಟು ರದ್ದುಪಡಿಸಿದ್ದನ್ನು ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ ಎತ್ತಿಹಿಡಿಯಿತು. ಜಾಗದಲ್ಲಿ ಮುಂದೆ ಎಷ್ಟು ಕಟ್ಟಬಹುದೆಂಬುದನ್ನು ಹಿಡಿದಲ್ಲ, ಇಂದು ಇರುವುದನ್ನು ಹಿಡಿದು ಬೆಲೆ ಕಟ್ಟಬೇಕೆಂಬುದು ಅದರ ತಿರುಳು. ಆ ಹೋರಾಟವನ್ನು ನಡೆಸಿದ್ದು ಒಬ್ಬ ಗೃಹಸ್ಥನಲ್ಲ, ಮಾಲೀಕರ ಸಂಘ. ನಿಯಮವೇ ತಪ್ಪೆನ್ನುವವರು ಒಟ್ಟಾಗಿ ಹೋಗಬೇಕು. ತನ್ನ ಮನೆಯ ನಮೂದು ತಪ್ಪೆನ್ನುವವನು ಒಬ್ಬನೇ ಹೋಗಬಹುದು.

ಊರಿಗೆ ಮರಳುವವರಿಗೆ

ಮನೆ ಮಾರಿ ಉಡುಪಿಗೋ ಧಾರವಾಡಕ್ಕೋ ಹೊರಟವರು ಒಂದು ಮಾತನ್ನು ಮರೆಯುತ್ತಾರೆ. ಹಕ್ಕು ವರ್ಗವಾದ ಮೂರು ತಿಂಗಳೊಳಗೆ ಕೊಟ್ಟವರೂ ಕೊಂಡವರೂ ಪಾಲಿಕೆಗೆ ತಿಳಿಸಬೇಕು. ತಿಳಿಸುವವರೆಗೆ ತೆರಿಗೆಯ ಹೊಣೆ ಮಾರಿದವರ ಹೆಗಲ ಮೇಲೆಯೂ ಉಳಿಯುತ್ತದೆ. ಯಜಮಾನರು ತೀರಿಕೊಂಡರೆ ಉತ್ತರಾಧಿಕಾರಿಗಳು ಒಂದು ವರ್ಷದೊಳಗೆ ತಿಳಿಸಬೇಕು. ಗಂಡನ ಹೆಸರಿನಲ್ಲಿಯೇ ಬಿಲ್ಲು ಬರುತ್ತಿರಲೆಂದು ಬಿಟ್ಟ ವಿಧವೆಗೆ, ನಾಳೆ ತಕರಾರು ಹೂಡಬೇಕಾದಾಗ ಮೊದಲು ಹೆಸರಿನ ಪ್ರಶ್ನೆಯೇ ಅಡ್ಡ ಬಂದೀತು.

ಇನ್ನೊಂದು ಭ್ರಮೆಯನ್ನೂ ಬಿಡಬೇಕು. ತೆರಿಗೆ ಕಟ್ಟಿದ ರಸೀದಿ ಕಟ್ಟಡಕ್ಕೆ ಪರವಾನಗಿಯಲ್ಲ. ಅನಧಿಕೃತ ಕಟ್ಟಡಕ್ಕೂ ಪಾಲಿಕೆ ತೆರಿಗೆ ಹಾಕುತ್ತದೆ. ಅದರ ಮೇಲೆ ತೆರಿಗೆಯ ಇಮ್ಮಡಿಯಷ್ಟು ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಹಾಗೆ ತೆರಿಗೆ ತೆಗೆದುಕೊಂಡ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. ಅಂಥ ಬಿಲ್ಲಿನಲ್ಲಿ ಇಮ್ಮಡಿ ದಂಡ ಕಂಡವರು ಅಪೀಲಿಗೆ ಮೊದಲು ಕಟ್ಟಡದ ಮಂಜೂರಾತಿ ಪತ್ರಗಳನ್ನು ಹುಡುಕಬೇಕು.

ರಾಯರು ಮಾಡಿದ್ದು

ಕಲ್ಪನೆಯ ರಾಯರು ಕೊನೆಗೆ ಮೂವರ ಮಾತನ್ನೂ ಬದಿಗಿಟ್ಟರು. ಅಳತೆಯ ಟೇಪು ಹಿಡಿದು ಪತ್ನಿಯ ಸಹಾಯದಿಂದ ಮನೆಯನ್ನು ಅಳೆದರು. ಒಂದು ಪುಟದ ತಕರಾರು ಬರೆದು, ದಸ್ತಾವೇಜಿನ ನಕಲನ್ನು ಲಗತ್ತಿಸಿ, ಗಡುವಿಗೆ ನಾಲ್ಕು ದಿನ ಮೊದಲೇ ಮುದ್ರೆ ಹಾಕಿಸಿಕೊಂಡರು. ಬಿಲ್ಲನ್ನು ಪತ್ರಸಹಿತ ಕಟ್ಟಿದರು. ವಿಚಾರಣೆಯಲ್ಲಿ ವಿಸ್ತೀರ್ಣ 400ಕ್ಕೆ ಇಳಿಯಿತು. ಬಾಡಿಗೆಯ ದರ ಹಾಗೆಯೇ ಉಳಿಯಿತು. ಅಪೀಲಿಗೆ ಹದಿನೈದು ದಿನಗಳಿದ್ದವು. ರಾಯರು ಕಾಗದದ ಮೇಲೆ 2,160 ಎಂದು ಬರೆದು, ಎದುರಿಗೆ ವಕೀಲರು ಹೇಳಿದ ಶುಲ್ಕವನ್ನು ಬರೆದು, ಕಾಗದವನ್ನು ಮಡಿಸಿಟ್ಟರು. ದರದ ಪ್ರಶ್ನೆಯನ್ನು ಮುಂದಿನ ಪುನರ್‌ನಿರ್ಧಾರಣೆಗೆ ಮೊದಲೇ ಎಲ್ಲರೂ ಸೇರಿ ಎತ್ತಬೇಕೆಂದು ಸೊಸೈಟಿಯ ಕಾರ್ಯದರ್ಶಿಗೆ ಪತ್ರ ಕೊಟ್ಟರು.

ಅಪೀಲು ಮಾಡದಿರುವುದು ಅವರಿಗೆ ಸೋಲಾಗಿ ತೋರಲಿಲ್ಲ. ತಕರಾರು ಮಾಡದಿದ್ದರೆ ಸೋಲಾಗುತ್ತಿತ್ತು. ಪರವೂರಿನಲ್ಲಿ ಬೆವರು ಸುರಿಸಿ ಕೊಂಡ ಮನೆಯ ಲೆಕ್ಕವನ್ನು ಮನೆಯವರೇ ಓದಿ ತಿಳಿಯಬೇಕು. ಈ ಸಂಚಿಕೆಯನ್ನು ಮುಚ್ಚಿಟ್ಟ ಮೇಲೆ ಪ್ರತಿಯೊಬ್ಬ ವಾಚಕರೂ ಕಪಾಟಿನಲ್ಲಿರುವ ಕಳೆದ ಬಿಲ್ಲನ್ನು ತೆಗೆದು, ಹೆಸರು, ವಿಸ್ತೀರ್ಣ, ಉಪಯೋಗ ಈ ಮೂರು ನಮೂದುಗಳನ್ನು ದಸ್ತಾವೇಜಿನೊಂದಿಗೆ ಹೋಲಿಸಿ ನೋಡಿದರೆ, ಅದಕ್ಕೆ ತಗಲುವ ಹತ್ತು ನಿಮಿಷ ಖಂಡಿತ ವ್ಯರ್ಥವಾಗದು.